11 ದಿನದ ನೌಕರಿ: ಬರೋಡಾ ಸಂಸ್ಥಾನ ಅಂಬೇಡ್ಕರರನ್ನು ಕಳೆದುಕೊಂಡ ಬಗೆ

ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಕೆಲಸ ಬಿಟ್ಟು ಹೋಗುವವರಿಂದ ಒಂದು ಫಾರ್ಮ್ ತುಂಬಿಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಯಾಕೆ ಬಿಡ್ತಿದ್ದೀರಿ ಅನ್ನೋ ಪ್ರಶ್ನೆಗೆ ಅದರಲ್ಲಿ ಉತ್ತರಗಳು ಮೊದಲೇ ಅಚ್ಚಾಗಿರುತ್ತವೆ: ಹೆಚ್ಚಿನ ಸಂಬಳ, ಮುಂದಿನ ಓದು, ಮದುವೆ, ಆರೋಗ್ಯ, ಇತರೆ. ಬಹಳಷ್ಟು ಜನ ಸಂಬಳ ಅಂತ ಟಿಕ್ ಹಾಕಿ ಹೊರಟುಬಿಡ್ತಾರೆ. ಒಮ್ಮೆ ಕಲಬುರಗಿ ಕಡೆಯ ಹುಡುಗಿಯೊಬ್ಬಳು, ಟೀಮಿನಲ್ಲೇ ಚುರುಕಾಗಿದ್ದವಳು, ಅಲ್ಲೇ ಟಿಕ್ ಹಾಕಿದಳು. ಆಮೇಲೆ ಲಿಫ್ಟ್ ಹತ್ತಿರ ಸಿಕ್ಕಾಗ, ಹೊಸ ಕಡೆ ಸಂಬಳ ಇಲ್ಲಿಗಿಂತ ಕಡಿಮೆಯೇ ಅಂದಳು. ಮಧ್ಯಾಹ್ನ ಡಬ್ಬಿ ಬಿಚ್ಚುವ ಮೇಜಿನಲ್ಲಿ ಅವಳ ಪೂರ್ತಿ ಹೆಸರೇನು, ಊರಲ್ಲಿ ಮನೆ ಯಾವ ಓಣಿಯಲ್ಲಿ ಅಂತ ಮೂರು ದಿನ ಬಿಡದೆ ವಿಚಾರಿಸಿದ್ದರಂತೆ. ನಾಲ್ಕನೇ ದಿನದಿಂದ ಆ ಮೇಜಿನಲ್ಲಿ ಅವಳಿಗೆ ಜಾಗ ಇರಲಿಲ್ಲ. ನಾನು ಫಾರ್ಮ್ ತಿದ್ದಲು ಹೋಗಲಿಲ್ಲ. ಹಾಗೇ ಕಡತಕ್ಕೆ ಸೇರಿಸಿದೆ.

ಆ ಫಾರ್ಮ್ ನೆನಪಾದಾಗಲೆಲ್ಲ ಇನ್ನೊಬ್ಬ ನೌಕರರು ನೆನಪಾಗ್ತಾರೆ. ಅವರ ಹೆಸರು ಭೀಮರಾವ್ ರಾಮ್‌ಜಿ ಅಂಬೇಡ್ಕರ್. ಸಂವಿಧಾನ, ಮಹಾಡ್ ಕೆರೆ, ಧಮ್ಮದೀಕ್ಷೆ ಇವೆಲ್ಲ ನಿಮಗೆ ಗೊತ್ತಿರೋದೇ. ನಾನು ಹೇಳಹೊರಟಿರುವುದು ತಿಂಗಳ ಸಂಬಳಕ್ಕೆ ದುಡಿದ, ಮೇಲಧಿಕಾರಿಯ ಕೈಕೆಳಗೆ ಕೂತ, ಕಚೇರಿಯ ಹೂಜಿಯ ನೀರಿಗೆ ಕಾಯಬೇಕಾಗಿದ್ದ ಅಂಬೇಡ್ಕರ್ ಕತೆಯನ್ನು. ಅವರ ಪ್ರತಿಭೆಯನ್ನು ಗುರುತಿಸಿದವರಿಗೆ, ಕರೆದು ಕೂರಿಸಿದವರಿಗೆ ಕೊರತೆ ಇರಲಿಲ್ಲ. ಉಳಿಸಿಕೊಂಡವರು ಯಾರು ಅಂತ ಹುಡುಕಿದರೆ ಮಾತ್ರ ಕಷ್ಟವಾಗುತ್ತೆ.

1891ರ ಏಪ್ರಿಲ್ 14ರಂದು ಮ್ಹೌ ದಂಡಿನಲ್ಲಿ ಹುಟ್ಟಿದರು. ತಂದೆ ರಾಮ್‌ಜಿ ಸಕ್ಪಾಲ್ ಬ್ರಿಟಿಷ್ ಸೇನೆಯಲ್ಲಿ ಸುಬೇದಾರ್. ಮಹಾರ್ ಸಮುದಾಯದ ಅನೇಕ ಕುಟುಂಬಗಳಿಗೆ ಅಕ್ಷರ, ಪಿಂಚಣಿ, ಒಂದಿಷ್ಟು ಗೌರವ ಸಿಕ್ಕಿದ್ದೇ ಆ ಸೇನೆಯಿಂದ. ಆದರೆ 1890ರ ದಶಕದಲ್ಲಿ ಅದೇ ಸೇನೆ ಮಹಾರರನ್ನು ಭರ್ತಿ ಮಾಡಿಕೊಳ್ಳುವುದನ್ನು ನಿಲ್ಲಿಸಿತು. ಕೆಲವು ಜಾತಿಗಳಷ್ಟೇ ಹುಟ್ಟಾ ಯೋಧರು ಅನ್ನೋ ನಂಬಿಕೆ ಸಾಹೇಬರ ತಲೆಗೆ ಹತ್ತಿತ್ತು. ಮಹಾರ್ ಸೈನಿಕರು ಯುದ್ಧದಲ್ಲಿ ಏನು ಮಾಡಿ ತೋರಿಸಿದ್ದರು ಅನ್ನೋದು ಆ ಲೆಕ್ಕಕ್ಕೆ ಬರಲಿಲ್ಲ. ಅಂಬೇಡ್ಕರ್ ಬೆಳೆದದ್ದು ಬಾಗಿಲು ಮುಚ್ಚಿದ ಆ ಕಾಲದಲ್ಲಿ. ಸಾತಾರದ ಶಾಲೆಯಲ್ಲಿ ಹುಡುಗ ಭೀಮ ನೀರು ಕುಡಿಯಬೇಕಾದರೆ ಜವಾನ ಬಂದು ನಲ್ಲಿ ತಿರುಗಿಸಬೇಕಿತ್ತು. ಜವಾನ ಇಲ್ಲದ ದಿನ ನೀರೂ ಇಲ್ಲ.

ಬರೋಡಾ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು ಕತೆಯೊಳಗೆ ಬರುವುದು ಇಲ್ಲಿ. ಅವರ ಬಗ್ಗೆ ಹಗುರವಾಗಿ ಮಾತಾಡಲಾಗದು. 1906ರಲ್ಲೇ ತಮ್ಮ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ ದೊರೆ. ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆಸಿದವರು. ಅಂಬೇಡ್ಕರ್ ಮುಂಬೈಯಲ್ಲಿ ಇಂಟರ್ ಪಾಸಾದಾಗ, ಕೃಷ್ಣಾಜಿ ಅರ್ಜುನ್ ಕೆಳುಸ್ಕರ್ ಎಂಬ ಗುರುಗಳ ಶಿಫಾರಸಿನ ಮೇಲೆ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಆ ಹಣದಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಬಿಎ ಮುಗಿಯಿತು. 1913ರ ಆರಂಭದಲ್ಲಿ ಅಂಬೇಡ್ಕರ್ ಬರೋಡಾಕ್ಕೆ ಹೋಗಿ ಕೆಲಸಕ್ಕೂ ಸೇರಿದರು. ಅಲ್ಲಿನ ಜಾತಿ ಬಿಗಿ ಗೊತ್ತಿದ್ದ ತಂದೆಗೆ ಇದು ಇಷ್ಟವಿರಲಿಲ್ಲ. ಕೆಲವೇ ದಿನಗಳಲ್ಲಿ ತಂದೆಗೆ ಕಾಯಿಲೆ ಅಂತ ತಂತಿ ಬಂತು. ಫೆಬ್ರವರಿ 2ರಂದು ರಾಮ್‌ಜಿ ತೀರಿಕೊಂಡರು.

ಅದೇ ವರ್ಷ ಜೂನ್‌ನಲ್ಲಿ ಮಹಾರಾಜರು ಅಮೆರಿಕಕ್ಕೆ ಕಳಿಸಲು ಆರಿಸಿದವರಲ್ಲಿ ಅಂಬೇಡ್ಕರ್ ಹೆಸರಿತ್ತು. ತಿಂಗಳಿಗೆ 11.5 ಪೌಂಡ್, 3 ವರ್ಷಕ್ಕೆ. ಓದು ಮುಗಿದ ಮೇಲೆ 10 ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು ಅನ್ನೋದು ಷರತ್ತು. ಅಂಬೇಡ್ಕರ್ ಕರಾರಿಗೆ ಸಹಿ ಹಾಕಿದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಬಾಂಡ್. ಆಗ ಅವರಿಗೆ 22 ವರ್ಷ.

ಆಮೇಲಿನ ನಾಲ್ಕು ವರ್ಷ ಅವರು ಮಾಡಿದ್ದು ಮಾಲೀಕರು ಕನಸಿನಲ್ಲೂ ಎಣಿಸದಷ್ಟು ಕೆಲಸ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೆಲಿಗ್ಮನ್ ಅವರಂಥ ಅರ್ಥಶಾಸ್ತ್ರಜ್ಞರ ಬಳಿ ಕಲಿತರು. ಜಾನ್ ಡ್ಯೂಯಿ ಅವರ ತರಗತಿಗಳಲ್ಲಿ ಕೂತರು. 1915ರಲ್ಲಿ ಎಂಎ. ಹಿಂದೆಯೇ ಭಾರತದ ಸರ್ಕಾರಿ ಹಣಕಾಸಿನ ಮೇಲೆ ದೊಡ್ಡ ಪ್ರಬಂಧ. 1916ರಲ್ಲಿ ಲಂಡನ್‌ಗೆ ದಾಟಿ, ಒಂದು ಕಡೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಇನ್ನೊಂದು ಕಡೆ ಬ್ಯಾರಿಸ್ಟರ್ ಓದಿಗೆ ಗ್ರೇಸ್ ಇನ್. ಸಂಸ್ಥಾನದ ಬೊಕ್ಕಸ ನೋಡಿಕೊಳ್ಳಲು ಇದಕ್ಕಿಂತ ಚೆನ್ನಾಗಿ ತಯಾರಾದ ತರುಣ ಅಂದು ಈ ದೇಶದಲ್ಲಿ ಇನ್ನೆಷ್ಟು ಜನ ಇದ್ದಿರಬಹುದು? ವಿದ್ಯಾರ್ಥಿವೇತನದ ಅವಧಿ ಮುಗಿದು, ಲಂಡನ್ ಓದು ಅರ್ಧಕ್ಕೇ ನಿಂತಿತು. ಕರಾರಿನಂತೆ ವಾಪಸ್ ಬರಬೇಕಾಯಿತು. ಮೊದಲನೇ ಮಹಾಯುದ್ಧದ ಕಾಲ ಅದು. ಅವರ ಪುಸ್ತಕಗಳಿದ್ದ ಹಡಗು ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿತು. ಆ ಸಾಮಾನಿಗೆ ಬಂದ ಪರಿಹಾರದ ಹಣದಲ್ಲೇ ಬರೋಡಾಕ್ಕೆ ಹೊರಟರು.

ಸ್ಟೇಷನ್ನಿಗೆ ಯಾರಾದರೂ ಹೋಗಿ ಕರೆತರಲಿ ಅಂತ ಮಹಾರಾಜರ ಆದೇಶ ಇತ್ತು. ಯಾರೂ ಬರಲಿಲ್ಲ.

ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಆದೇಶ ಇತ್ತು, ಯಾರೂ ಬರಲಿಲ್ಲ. ಆದೇಶ ಮೀರಿದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ. ಬರೋಡಾದ ಮುಂದಿನ ಎಲ್ಲ ಸಂಗತಿಗಳೂ ಇದೇ ಧಾಟಿಯಲ್ಲಿವೆ.

ಊರಲ್ಲಿ ಹಿಂದೂ ಹೋಟೆಲುಗಳಿದ್ದವು. ಜಾತಿ ಮುಚ್ಚಿಟ್ಟು ಅಲ್ಲಿಗೆ ಹೋಗಿ ಸಿಕ್ಕಿಬಿದ್ದರೆ ಗತಿಯೇನು? ಅಮೆರಿಕದಲ್ಲಿ ಜೊತೆಗಿದ್ದ ಗೆಳೆಯರು ಇದ್ದರು. ಅವರ ಮನೆ ಬಾಗಿಲಲ್ಲಿ ನಿಂತರೆ ಒಳಗೆ ಕರೀತಾರೋ ಇಲ್ಲವೋ ಅನ್ನೋ ಅಳುಕು. ಕಡೆಗೆ ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಪಾರ್ಸಿಗಳಲ್ಲದವರಿಗೆ ಅಲ್ಲಿ ಜಾಗವಿಲ್ಲ. ಗಿರಾಕಿಗಳೇ ಇಲ್ಲದೆ ಕೂತಿದ್ದ ಮೇಲ್ವಿಚಾರಕನಿಗೂ ನಾಲ್ಕು ಕಾಸು ಬೇಕಿತ್ತು. ಪಾರ್ಸಿ ಹೆಸರೊಂದನ್ನು ಪುಸ್ತಕದಲ್ಲಿ ಬರೆದುಕೊಂಡು, ದಿನಕ್ಕೆ ಒಂದೂವರೆ ರೂಪಾಯಿಗೆ ಮಹಡಿ ಮೇಲೆ ಇರಲು ಒಪ್ಪಿದ. ಹಳೆ ಸಾಮಾನು ತುಂಬಿದ, ರಾತ್ರಿ ಸರಿಯಾದ ಬೆಳಕಿಲ್ಲದ, ಬಾವಲಿ ಹಾರಾಡುವ ಜಾಗ. ಕೊಲಂಬಿಯಾದಿಂದ ಬಂದ ಅರ್ಥಶಾಸ್ತ್ರಜ್ಞ ಸುಳ್ಳು ಹೆಸರಿನಲ್ಲಿ ಅಲ್ಲಿ ಒಬ್ಬರೇ ಮಲಗ್ತಿದ್ದರು.

ಕಚೇರಿಯಲ್ಲಿ ಹೇಗಿತ್ತು? ಮಹಾರಾಜರಿಗೆ ಅವರನ್ನು ಮುಂದೆ ಹಣಕಾಸು ಮಂತ್ರಿ ಮಾಡುವ ಆಲೋಚನೆಯಿತ್ತು. ಸದ್ಯಕ್ಕೆ ಕೆಲಸ ಕಲಿಯಲಿ ಅಂತ ಅಕೌಂಟೆಂಟ್ ಜನರಲ್ ಕಚೇರಿಗೆ ಹಾಕಿದ್ದರು. ಅಲ್ಲಿನ ಜವಾನರು ಕಡತಗಳನ್ನು ಕೈಗೆ ಕೊಡದೆ ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಅವರು ಎದ್ದು ಹೊರಟರೆ ಜಮಖಾನ ಸುತ್ತಿ ತೆಗೆಯುತ್ತಿದ್ದರು. ಕುಡಿಯಲು ನೀರಿಲ್ಲ. ಅಧಿಕಾರಿಗಳ ಕ್ಲಬ್ಬಿನಲ್ಲಿ ಮೂಲೆ ಹಿಡಿದು ಕೂರಬೇಕು, ಆಟಕ್ಕೆ ಸೇರುವಂತಿಲ್ಲ. ಸಾತಾರದ ಶಾಲೆಯ ಜವಾನನೇ ಬೇರೆ ವೇಷದಲ್ಲಿ ಇಲ್ಲಿ ಕಾದಿದ್ದ ಹಾಗಿತ್ತು. ಹೊತ್ತು ಕಳೆಯಲು ಅವರಿಗೆ ಉಳಿದದ್ದು ಓದು ಒಂದೇ.

11ನೇ ದಿನ ಬೆಳಗ್ಗೆ, ಕಚೇರಿಗೆ ಹೊರಡುವ ಹೊತ್ತಿಗೆ, ದೊಣ್ಣೆ ಹಿಡಿದ ಹತ್ತು ಹನ್ನೆರಡು ಪಾರ್ಸಿಗಳು ಮಹಡಿ ಹತ್ತಿ ಬಂದರು. ಗುಟ್ಟು ರಟ್ಟಾಗಿತ್ತು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕು, ಇಲ್ಲದಿದ್ದರೆ ಪರಿಣಾಮ ನೆಟ್ಟಗಿರಲ್ಲ ಅನ್ನೋ ಬೆದರಿಕೆ. ಅಂಬೇಡ್ಕರ್ ಇಬ್ಬರು ಗೆಳೆಯರ ಬಳಿ ಹೋದರು. ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತರು. ಹಿಂದೂ ಗೆಳೆಯರಿಗೆ, ಇವರನ್ನು ಇಟ್ಟುಕೊಂಡರೆ ಆಳುಕಾಳು ಬಿಟ್ಟು ಹೋಗ್ತಾರೆ ಅನ್ನೋ ಭಯ. ಕ್ರೈಸ್ತ ಗೆಳೆಯರು, ಊರಿಂದ ಬರಲಿದ್ದ ಹೆಂಡತಿಯನ್ನು ಕೇಳದೆ ಹೇಳಲಾರೆ ಅಂದರು. ಅಲ್ಲಿಂದ ಕಮಾಠಿ ಬಾಗ್ ಎಂಬ ಉದ್ಯಾನಕ್ಕೆ ಹೋಗಿ, ರಾತ್ರಿಯ ಮುಂಬೈ ರೈಲಿನ ಹೊತ್ತಿನವರೆಗೆ ಸುಮಾರು ಐದು ತಾಸು ಕೂತರು. ಬರೋಡಾದ ಆ 11 ದಿನಗಳ ಬಗ್ಗೆ ಹಲವು ವರ್ಷಗಳ ನಂತರ ಅವರೇ ಬರೆದಿಟ್ಟಿದ್ದಾರೆ. ಅದು ನೆನಪಾದರೆ ಆಗಲೂ ಕಣ್ಣು ತುಂಬುತ್ತಿತ್ತಂತೆ. ಉದ್ಯಾನದ ಆ ಜಾಗವನ್ನು ಈಗ ಸಂಕಲ್ಪ ಭೂಮಿ ಅಂತ ಕರೀತಾರೆ.

ವಿಷಯ ಮಹಾರಾಜರಿಗೆ ತಿಳಿಯಲಿಲ್ಲ ಅಂತಲ್ಲ. ಅಂಬೇಡ್ಕರ್ ವಸತಿಯ ಕಷ್ಟವನ್ನು ಮುಟ್ಟಿಸಿದ್ದರು. ಮಹಾರಾಜರು ದಿವಾನರಿಗೆ ದಾಟಿಸಿದರು. ದಿವಾನರು ಕೈಚೆಲ್ಲಿದರು. ಒಂದು ಸಂಸ್ಥಾನದ ಸರ್ಕಾರಕ್ಕೆ ಒಬ್ಬ ಅಧಿಕಾರಿಗೆ ಒಂದು ಕೋಣೆ ಕೊಡಲು ಆಗಲಿಲ್ಲ ಅಂದರೆ ನಂಬಬೇಕಾ? ಕಡ್ಡಾಯ ಶಿಕ್ಷಣವನ್ನು ಊರೂರಿಗೆ ಒಯ್ದ ಸರ್ಕಾರ ಅದು. ಆಗಲಿಲ್ಲ ಅನ್ನೋದಕ್ಕಿಂತ ಮಾಡಲಿಲ್ಲ ಅನ್ನೋದೇ ಸರಿ.

ಕಂಪನಿಗಳಲ್ಲಿ ಇಂದಿಗೂ ನಡೆಯೋದು ಇದೇ. ಮೇಲೆ ಕೂತವರು ಒಳ್ಳೆಯವರೇ ಇರ್ತಾರೆ. ಎಲ್ಲ ಸಮುದಾಯದವರೂ ನಮ್ಮಲ್ಲಿರಬೇಕು ಅಂತ ನೀತಿ ಬರೆಸ್ತಾರೆ, ಹಣ ಸುರಿದು ಹುಡುಕಿ ತರ್ತಾರೆ. ಬಂದವರ ದಿನಗಳು ಮಾತ್ರ ಟೀಮ್ ಲೀಡರ್, ಕ್ಯಾಬ್ ಚಾಲಕ, ಪಿಜಿ ಮಾಲೀಕ, ಊಟದ ಮೇಜಿನ ಗುಂಪು ಇವರ ಕೈಯಲ್ಲಿರುತ್ತವೆ. ಅಲ್ಲಿ ಏನಾಗ್ತಿದೆ ಅಂತ ನೋಡಲು ಒಳ್ಳೆಯ ಮಾಲೀಕರು ಕೆಳಗಿಳಿಯುವುದಿಲ್ಲ. ದೂರು ಹೋದರೆ ದಿವಾನರಿಗೆ ದಾಟಿಸ್ತಾರೆ. ನಾನೂ ಒಂದು ಕಾಲಕ್ಕೆ ಅಂಥದೇ ಒಬ್ಬ ಸಣ್ಣ ದಿವಾನನಾಗಿದ್ದೆ ಅನ್ನೋದು ಈಗ ಅರ್ಥವಾಗುತ್ತಿದೆ.

ಇದು ಆ ಕಾಲದ ಸಮಾಜದ ತಪ್ಪು, ಒಬ್ಬ ರಾಜ ಏನು ಮಾಡಲಾದೀತು ಅನ್ನುವವರಿದ್ದಾರೆ. ಅವರಿಗೆ ಉತ್ತರವಾಗಿ ಕೊಲ್ಹಾಪುರ ಇದೆ. ಅಲ್ಲಿನ ಶಾಹು ಮಹಾರಾಜರು 1902ರಲ್ಲೇ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಅವರು ಆದೇಶಕ್ಕೇ ನಿಲ್ಲಿಸಲಿಲ್ಲ. ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ್ ಕಾಂಬಳೆ, ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದ ಅಂತ ಜೊತೆಯ ನೌಕರರೇ ಹೊಡೆದಿದ್ದರು. ಹೊಡೆದವರಿಗೆ ಶಿಕ್ಷೆಯಾಯಿತು. ಗಂಗಾರಾಮ್‌ಗೆ ಊರ ನಡುವೆ ಚಹಾದಂಗಡಿ ಇಡಲು ಮಹಾರಾಜರು ನೆರವಾದರು. ಆಮೇಲೆ ತಾವೇ ಆ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಎಲ್ಲರೆದುರು ಚಹಾ ತರಿಸಿ ಕುಡಿದರು. ಜೊತೆಗಿದ್ದ ಮೇಲ್ಜಾತಿಯ ಪರಿವಾರದವರಿಗೂ ಕುಡಿಸಿದರು. ಬರೋಡಾ ಮತ್ತು ಕೊಲ್ಹಾಪುರ ಎರಡರ ದೊರೆಗಳೂ ಸುಧಾರಕರೇ. ಒಬ್ಬರು ಹಣ ಕೊಟ್ಟರು. ಇನ್ನೊಬ್ಬರು ತಮ್ಮ ಪರಿವಾರದ ಅಭ್ಯಾಸಕ್ಕೇ ಕೈ ಹಾಕಿದರು.

ಬರೋಡಾ ಬಿಟ್ಟ ಅಂಬೇಡ್ಕರ್ ಮುಂಬೈಯಲ್ಲಿ ಮನೆಪಾಠ ಹೇಳಿದರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಸಣ್ಣ ವ್ಯವಹಾರ ತೆರೆದರು. ಸಲಹೆ ಚೆನ್ನಾಗೇ ಇತ್ತು. ಕೊಡುವವರ ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು. ಲಾಭ ನಷ್ಟದ ಮೇಲೇ ಬದುಕುವ ಜನ ಲಾಭದ ಸಲಹೆಯನ್ನೂ ಬೇಡ ಅಂದರು! ಮಾರುಕಟ್ಟೆಗೆ ಜಾತಿ ಕಾಣಲ್ಲ ಅಂತ ವಾದಿಸುವ ಗೆಳೆಯರು ಸಿಕ್ಕಾಗ ನಾನು ಹೇಳುವುದು ಈ ಪ್ರಸಂಗವನ್ನೇ.

1918ರ ನವೆಂಬರ್‌ನಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜು ಅವರನ್ನು ಅರ್ಥಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ತೆಗೆದುಕೊಂಡಿತು. ಸಂಬಳ 450 ರೂಪಾಯಿ, ತಾತ್ಕಾಲಿಕ ಹುದ್ದೆ. ಈ ಅಸ್ಪೃಶ್ಯ ನಮಗೇನು ಕಲಿಸಿಯಾನು ಅಂತ ಮೊದಮೊದಲು ಉದಾಸೀನ ತೋರಿದ ಹುಡುಗರು ಬೇಗ ಬದಲಾದರು. ಬೇರೆ ಕಾಲೇಜುಗಳಿಂದಲೂ ಅವರ ಪಾಠಕ್ಕೆ ಬಂದು ಕೂರುವಷ್ಟು ಹೆಸರಾಯಿತು. ಪ್ರಾಧ್ಯಾಪಕರ ಕೋಣೆಯಲ್ಲಿ ಮಾತ್ರ ಮತ್ತದೇ ನೀರಿನ ಜಗಳ. ತಮಗಾಗಿ ಇಟ್ಟ ಹೂಜಿಯಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು.

ಅದೇ 1918ರಲ್ಲಿ ನಮ್ಮ ಮೈಸೂರಿನಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಕಾವೇರಿತ್ತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರ ಪಾಲು ಹೆಚ್ಚಿಸುವ ದಾರಿ ಹುಡುಕಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಗೆ ಧಕ್ಕೆಯಾಗುತ್ತೆ ಅನ್ನೋದು ದಿವಾನ್ ವಿಶ್ವೇಶ್ವರಯ್ಯನವರ ನಿಲುವು. ಆ ವರ್ಷವೇ ಅವರು ದಿವಾನಗಿರಿ ಬಿಟ್ಟರು. ವಿಶ್ವೇಶ್ವರಯ್ಯನವರ ಸಾಧನೆ ಬಗ್ಗೆ ನನಗೆ ಗೌರವವಿದೆ. ಆದರೂ ಅರ್ಹತೆಯ ಆ ಚರ್ಚೆಯ ಪಕ್ಕದಲ್ಲಿ ಬರೋಡಾದ ಜಮಖಾನವನ್ನೂ ಸಿಡೆನ್‌ಹ್ಯಾಮ್‌ನ ಹೂಜಿಯನ್ನೂ ಇಟ್ಟು ನೋಡಿ. ಅಷ್ಟೊಂದು ಅರ್ಹತೆ ಇದ್ದವರಿಗೇ ಹೀಗಾದರೆ?

ಸಿಡೆನ್‌ಹ್ಯಾಮ್ ಕೆಲಸವನ್ನು ಅವರು 1920ರ ಮಾರ್ಚ್‌ನಲ್ಲಿ ಬಿಟ್ಟಿದ್ದು ನೀರಿನ ಕಾರಣಕ್ಕಲ್ಲ, ಅರ್ಧಕ್ಕೆ ನಿಂತ ಓದು ಮುಗಿಸಲಿಕ್ಕೆ. ಸಂಬಳದಲ್ಲಿ ಉಳಿಸಿದ ದುಡ್ಡು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಶಾಹು ಮಹಾರಾಜರ ನೆರವು ಹಿಡಿದು ಲಂಡನ್‌ಗೆ ಹೋದರು. ಪಾರ್ಸಿಗಳ ದೊಣ್ಣೆ ಕಂಡಿದ್ದವರಿಗೆ ಸಾಲ ಕೊಟ್ಟ ಈ ಗೆಳೆಯರೂ ಪಾರ್ಸಿಯೇ ಅನ್ನೋದನ್ನ ಹೇಳಲೇಬೇಕು. ಮನೆಯಲ್ಲಿ ರಮಾಬಾಯಿ ಬಡತನವನ್ನು ಒಬ್ಬರೇ ಹೊತ್ತರು. ಅವರ ಬಗ್ಗೆ ಬೇರೆಯೇ ಬರೆಯಬೇಕು. ಬ್ಯಾರಿಸ್ಟರ್ ಓದು ಮುಗಿಸಿ 1923ರಲ್ಲಿ ಮರಳಿದರೆ, ಕೇಸು ಕೊಡಬೇಕಾದ ಸಾಲಿಸಿಟರ್‌ಗಳು ಮುಖ ತಿರುಗಿಸಿದರು. ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಅರೆಕಾಲಿಕ ಪಾಠ ಹೇಳಿ ಮನೆ ನಡೆಸಿದರು. 1935ಕ್ಕೆ ಮುಂಬೈಯ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು.

ಈ ನಡುವೆ ಕೂಲಿಯವರ ಕಡೆಗೂ ಅವರ ಕಣ್ಣಿತ್ತು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದುದು ನೇಯ್ಗೆ ವಿಭಾಗದಲ್ಲಿ. ಅಲ್ಲಿಗೆ ಅಸ್ಪೃಶ್ಯರಿಗೆ ಪ್ರವೇಶವಿಲ್ಲ. ನೂಲನ್ನು ಲಾಳಿಯೊಳಗೆ ಬಾಯಿಂದ ಎಳೆಯಬೇಕಿತ್ತು, ಎಂಜಲಾಗುತ್ತೆ ಅನ್ನೋದು ಕಾರಣ. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ತಡೆ ತೆಗೆಯುವುದೂ ಬೇಡಿಕೆಗಳಲ್ಲಿ ಸೇರಬೇಕು ಅಂತ ಹಠ ಹಿಡಿದರು. ಕಾರ್ಮಿಕ ಮುಖಂಡರಿಗೆ ಇದು ಇರುಸುಮುರುಸು. ಗಿರಣಿ ಮಾಲೀಕರಂತೂ ಇದನ್ನು ತೋರಿಸಿ ಮುಖಂಡರನ್ನೇ ಹಂಗಿಸಿದರು. ಒಳ್ಳೆಯ ನೇಕಾರ ಯಾರಾಗಬಲ್ಲ ಅನ್ನೋದನ್ನ ಮಗ್ಗದ ಮುಂದೆ ಪರೀಕ್ಷಿಸಲು ಎರಡೂ ಕಡೆಯವರಿಗೆ ಮನಸ್ಸಿರಲಿಲ್ಲ.

ಮುಂದೆ ನೇಮಿಸಿಕೊಳ್ಳುವ ಕುರ್ಚಿಯಲ್ಲಿ ಅವರೇ ಕೂತರು. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ. ಕೇಂದ್ರ ಸರ್ಕಾರಿ ಕೆಲಸಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ಮೊದಲ ಬಾರಿಗೆ ಶೇ. 8.33 ಮೀಸಲಾತಿ ಬಂದದ್ದು 1943ರಲ್ಲಿ, ಅವರ ಒತ್ತಾಯದಿಂದ. ಜೊತೆಗೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ವಿದೇಶಕ್ಕೆ ಹೋಗಿ ಓದಲು ಸರ್ಕಾರದಿಂದ ಹಣ ಕೊಡಿಸಿದರು. ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ಅದೇ ವರ್ಷ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿತ್ತು.

ಇನ್ನು ಕೊನೆಯ ನೌಕರಿ. 1947ರಲ್ಲಿ ನೆಹರೂ ಸಂಪುಟಕ್ಕೆ ಕಾನೂನು ಮಂತ್ರಿಯಾಗಿ ಸೇರಿದರು. ಅರ್ಥಶಾಸ್ತ್ರದಲ್ಲಿ ಎರಡು ಡಾಕ್ಟರೇಟ್ ಪಡೆದಿದ್ದ ಅವರಿಗೆ ಯೋಜನಾ ಖಾತೆಯನ್ನೂ ಕೊಡುವ ಭರವಸೆ ಇತ್ತು. ಆ ಖಾತೆ ಬಂದಾಗ ಅವರನ್ನು ಬಿಟ್ಟೇ ಬಿಟ್ಟರು. ಮಂತ್ರಿಗಳ ಖಾತೆಗಳು ಅದಲು ಬದಲಾದವು, ಕೆಲವರಿಗೆ ಎರಡು ಮೂರು ಖಾತೆ ಸಿಕ್ಕವು. ಇವರ ಹೆಸರು ಬರಲಿಲ್ಲ. ವಿದೇಶ ವ್ಯವಹಾರ, ರಕ್ಷಣೆಯಂಥ ಮುಖ್ಯ ಸಮಿತಿಗಳಲ್ಲೂ ಇರಲಿಲ್ಲ. ಜವಾನರು ಕಡತ ಎಸೆಯುವ ಕಾಲ ಮುಗಿದಿತ್ತು. ಇಲ್ಲಿ ಅವರಿಗೆ ಬೇಕಾದ ಕಡತ ಮೇಜಿಗೇ ಬರುತ್ತಿರಲಿಲ್ಲ ಅಷ್ಟೇ. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಮಸೂದೆಯನ್ನು ಎಳೆದೆಳೆದು ಕಡೆಗೆ ಕೈಬಿಟ್ಟಾಗ, 1951ರ ಸೆಪ್ಟೆಂಬರ್ 27ರಂದು ರಾಜೀನಾಮೆ ಬರೆದರು.

ಅವರ ರಾಜೀನಾಮೆಯ ಹೇಳಿಕೆ ಈಗಲೂ ಓದಲು ಸಿಗುತ್ತೆ. ಓದಿ. ಆರೋಗ್ಯ ಆಗಲೇ ಕೆಟ್ಟಿತ್ತು, ಸುಮ್ಮನೆ ಆರೋಗ್ಯ ಅಂತ ಟಿಕ್ ಹಾಕಿ ಹೊರಡಬಹುದಿತ್ತು. ಹಾಗೆ ಮಾಡಲಿಲ್ಲ. ಕೊಡದೇ ಹೋದ ಖಾತೆ, ಸೇರಿಸಿಕೊಳ್ಳದ ಸಮಿತಿ, ಪರಿಶಿಷ್ಟ ಜಾತಿಗಳ ಬಗ್ಗೆ ಸರ್ಕಾರದ ಉದಾಸೀನ, ವಿದೇಶಾಂಗ ನೀತಿ, ಕೈಬಿಟ್ಟ ಮಸೂದೆ ಹೀಗೆ ಕಾರಣಗಳನ್ನು ಒಂದೊಂದಾಗಿ ಬರೆದರು. ಅಕ್ಟೋಬರ್‌ನಲ್ಲಿ ಅದನ್ನು ಸಂಸತ್ತಿನಲ್ಲಿ ಓದಲು ನಿಂತಾಗ, ಮೊದಲು ಪ್ರತಿ ಕೊಡಿ, ಸಂಜೆ ಓದಿ ಅಂತ ಉಪಸಭಾಧ್ಯಕ್ಷರು ತಡೆದರು. ಅಂಬೇಡ್ಕರ್ ಹಾಳೆಗಳನ್ನು ಎತ್ತಿಕೊಂಡು ಸಭೆಯಿಂದ ಹೊರನಡೆದರು. ಹೇಳಿಕೆಯನ್ನು ಪತ್ರಕರ್ತರ ಕೈಗೆ ಕೊಟ್ಟರು.